ಮನೆ ಮಳೆಗಾಲದಲ್ಲಿ, ಬಾವಿ ಬೇಸಗೆಯಲ್ಲಿ

ಮನೆಯನ್ನು ಜುಲೈನಲ್ಲಿ ನೋಡಬೇಕು, ಬಾವಿಯನ್ನು ಏಪ್ರಿಲ್‌ನಲ್ಲಿ ನೋಡಬೇಕು. ಶಿರಸಿಯ ಕಡೆ ಬಾಡಿಗೆಗೆ ಮನೆ ಸಿಗಬಹುದೇ ಎಂದು ವಿಚಾರಿಸಿದಾಗ ನನ್ನ ಹಾಸ್ಟೆಲ್ ಗೆಳತಿಯ ತಂದೆ ಮೊದಲು ಹೇಳಿದ್ದೇ ಇದನ್ನು. ಬೆಂಗಳೂರು ಬಿಡುವ ಯೋಚನೆಯಲ್ಲಿರುವ ಯಾರಾದರೂ ಈಗ ನನ್ನನ್ನು ಕೇಳಿದರೆ ನಾನೂ ಇದನ್ನೇ ಮೊದಲು ಹೇಳುತ್ತೇನೆ. ಡಿಸೆಂಬರ್‌ನಲ್ಲಿ ಮಲೆನಾಡು ಯಾರನ್ನು ಬೇಕಾದರೂ ಒಲಿಸಿಕೊಳ್ಳುತ್ತದೆ. ಬೆಳಗಿನ ಇಬ್ಬನಿ, ಅಂಗಳದಲ್ಲಿ ಹರವಿದ ಅಡಿಕೆ, ಮಧ್ಯಾಹ್ನದ ಹಿತವಾದ ಬಿಸಿಲು ನೋಡಿ ಮುಂಗಡ ಕೊಟ್ಟುಬಿಡುವವರಿದ್ದಾರೆ. ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬರುವವರು ಊರಿನ ಕಷ್ಟದ ದಿನಗಳನ್ನೇ ಮೊದಲು ನೋಡಬೇಕು.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ತುಮಕೂರಿನ ಕಡೆಯವಳು, ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ನನ್ನ ಗಂಡ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಊರು ಬಿಡುವಾಗ ಮಗಳು ಒಂದನೇ ತರಗತಿ ಮುಗಿಸಿದ್ದಳು, ಮಗನಿಗೆ ಎರಡು ತುಂಬಿರಲಿಲ್ಲ. ಶಿರಸಿಯಲ್ಲಿ ನಮಗೆ ನೆಂಟರಿರಲಿಲ್ಲ, ಜಮೀನಿರಲಿಲ್ಲ. ಗೆಳತಿಯ ಮನೆಗೆ ರಜೆಯಲ್ಲಿ ಬಂದು ಹೋಗುತ್ತಿದ್ದ ನಂಟು ಮಾತ್ರ.

ಬೆಂಗಳೂರಿನಲ್ಲಿ ನಾವಿದ್ದದ್ದು ಪೂರ್ವದ ಅಂಚಿನಲ್ಲಿ, 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳ ಪೈಕಿ ಒಂದರಲ್ಲಿ. ಕಾವೇರಿ ನೀರು ಅಲ್ಲಿಗೆ ಬಂದಿರಲಿಲ್ಲ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬತ್ತಿದವು. ಟ್ಯಾಂಕರ್‌ನವರ ಬೆಲೆಗೆ ಲಗಾಮು ಹಾಕಲು ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು. ದರವೇನೋ ಗೊತ್ತಾಯಿತು, ಟ್ಯಾಂಕರ್ ಬರುವ ಹೊತ್ತು ಗೊತ್ತಾಗುತ್ತಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಲಾರಿಯ ಸದ್ದು ಕೇಳಿದರೆ ಕಟ್ಟಡದ ಎಲ್ಲ ಮನೆಗಳ ದೀಪ ಹತ್ತುತ್ತಿದ್ದವು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆಯಾಯಿತು. ಅಷ್ಟರಲ್ಲಿ ನಮ್ಮ ಮನಸ್ಸು ಬೇರೆ ಕಡೆಗೆ ತಿರುಗಿತ್ತು. ನೀರೊಂದೇ ಕಾರಣವಲ್ಲ. ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ದಿನದ ಮೂರು ತಾಸು ಕಳೆದು ಬರುವ ತಂದೆಯನ್ನು ಮಕ್ಕಳು ಎಚ್ಚರವಿದ್ದು ನೋಡುತ್ತಿದ್ದದ್ದು ಭಾನುವಾರ ಮಾತ್ರ. ಮಗನಿಗೆ ಉಬ್ಬಸ ಬೇರೆ. ಬೆಂಗಳೂರಿನ ಮೇಲೆ ನನಗೆ ಸಿಟ್ಟಿಲ್ಲ. ನನಗೆ ವಿದ್ಯೆ, ಕೆಲಸ, ಸಂಗಾತಿ ಎಲ್ಲವನ್ನೂ ಕೊಟ್ಟ ಊರು ಅದು. ಆದರೆ ಮಕ್ಕಳ ಎಳವೆ ಎನ್ನುವುದು ನಗರ ಸರಿಹೋಗುವ ತನಕ ಕಾಯುವುದಿಲ್ಲ.

ಹಾಗಾಗಿ 2024ರ ಜುಲೈನಲ್ಲಿ, ಮಳೆ ಜಡಿಯುತ್ತಿದ್ದಾಗಲೇ, ಮನೆ ನೋಡಲು ಹೊರಟೆವು. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಟಿವಿಯಲ್ಲಿ ಅದನ್ನು ನೋಡಿದ ನನ್ನ ಅಮ್ಮ ಫೋನಿನಲ್ಲಿ ಅತ್ತೇಬಿಟ್ಟರು. ‘ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಾ?’ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಹೀಗಾಗಿ ಮನೆ ನೋಡಲು ಹೋದಲ್ಲೆಲ್ಲ ನಾವು ಮೊದಲು ಹೋಗುತ್ತಿದ್ದದ್ದು ಹಿತ್ತಲಿಗೆ. ಮಲೆನಾಡಿನಲ್ಲಿ ಗುಡ್ಡದ ಮಣ್ಣು ಕಡಿದು, ಮಟ್ಟ ಮಾಡಿದ ಜಾಗದಲ್ಲಿ ಮನೆ ಕಟ್ಟುತ್ತಾರೆ. ಮನೆಯ ಬೆನ್ನಿಗೆ ನಿಲ್ಲುವ ಆ ಕಡಿದ ಧರೆ ಎಷ್ಟು ಎತ್ತರವಿದೆ, ಗೋಡೆಯಿಂದ ಎಷ್ಟು ದೂರವಿದೆ, ಮೇಲೆ ಬಿದ್ದ ನೀರು ಹೊರಳಿ ಹೋಗಲು ಅಗಳ ತೆಗೆದಿದ್ದಾರೆಯೇ, ಇಳಿಜಾರಿನಲ್ಲಿ ಹಳೆಯ ಮರಗಳಿವೆಯೇ ಎನ್ನುವುದನ್ನು ಗೆಳತಿಯ ತಂದೆ ಕೊಡೆ ಹಿಡಿದುಕೊಂಡು ಒಂದೊಂದಾಗಿ ತೋರಿಸಿದರು. ಹೊಸದಾಗಿ ಜೆಸಿಬಿಯಿಂದ ನೇರ ಗೋಡೆಯಂತೆ ಕಡಿದ ಧರೆಯಿದ್ದ ಒಂದು ಮನೆ ಒಳಗೆ ಬಹಳ ಚೆನ್ನಾಗಿತ್ತು. ಅವರು ಹೊಸ್ತಿಲನ್ನೂ ದಾಟಲಿಲ್ಲ. ಇನ್ನೊಂದು ಮನೆಗೆ ಹಳ್ಳ ದಾಟಿ ಕಾಲುಸಂಕದ ಮೇಲೆ ಹೋಗಬೇಕಿತ್ತು. ಶಾಲೆಗೆ ಹೋಗುವ ಮಗುವಿರುವ ನಮಗೆ ಅದೂ ಬೇಡವೆನಿಸಿತು.

ಮನೆ ಹುಡುಕುವಾಗ ಇನ್ನೊಂದನ್ನೂ ಎದುರಿಸಬೇಕಾಯಿತು. ‘ನೀವು ಯಾವ ಪೈಕಿ?’ ಎಂದು ಕೇಳಿ, ಉತ್ತರ ತಿಳಿದ ಮೇಲೆ, ಮಗ ಊರಿಗೆ ಬರುತ್ತಾನಂತೆ, ಮನೆ ಕೊಡಲಾಗುವುದಿಲ್ಲ ಎಂದವರು ಇದ್ದರು. ಬೆಂಗಳೂರಿನಲ್ಲೂ ಇದೇ ಪ್ರಶ್ನೆ ಊಟದ ಪದ್ಧತಿಯ ವೇಷದಲ್ಲಿ ಬರುತ್ತದೆ, ಗೊತ್ತು. ಆದರೂ ಮಗಳ ಎದುರಿಗೆ ಆ ಮಾತು ಬಂದಾಗ ನನಗೆ ತುಂಬಾ ನೋವಾಯಿತು. ಇದು ಇಲ್ಲಿಯ ಬದುಕಿನ ಒಂದು ಭಾಗ. ಬರುವವರಿಗೆ ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಕೊನೆಗೆ ನಮಗೆ ಮನೆ ಕೊಟ್ಟ ಹಿರಿಯ ದಂಪತಿ ಕೇಳಿದ್ದು, ಮಕ್ಕಳು ಎಷ್ಟು, ಅವರು ಯಾವ ಶಾಲೆಗೆ ಹೋಗುತ್ತಾರೆ ಎಂದು ಮಾತ್ರ. ಅವರ ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಮೊಮ್ಮಕ್ಕಳು ಅಲ್ಲೇ. ನಾವು ಬಂದದ್ದು ಅವರು ಹೋದ ದಾರಿಯಲ್ಲೇ, ದಿಕ್ಕು ಮಾತ್ರ ಬೇರೆ.

ಮನೆ ಹುಲೇಕಲ್ ರಸ್ತೆಯ ಕಡೆ ಒಂದು ಸಣ್ಣ ಹಳ್ಳಿಯಲ್ಲಿದೆ. ಹೆಂಚಿನ ಮಾಡು, ಮುಂದೆ ಜಗುಲಿ, ಹಿಂದೆ ಬಚ್ಚಲು, ಪಕ್ಕದಲ್ಲಿ ಈಗ ಖಾಲಿಯಿರುವ ಕೊಟ್ಟಿಗೆ. ಜುಲೈನಲ್ಲಿ ಎರಡು ಕಡೆ ಹೆಂಚು ಸೋರುತ್ತಿತ್ತು. ಮನೆಯ ಮಾಲೀಕರಾದ ಯಜಮಾನರು ತಾವೇ ಅದನ್ನು ತೋರಿಸಿ, ಮಾಡು ಕೈಯಾಡಿಸಿ ಕೊಡುತ್ತೇನೆ ಎಂದರು; ಬೇಸಗೆಯಲ್ಲಿ ಮಾಡಿಸಿದರು. ಬಾವಿ ನೋಡಲು ಮುಂದಿನ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಬಂದೆವು. ಶಿರಸಿ ಸೀಮೆಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಬೆಂಗಳೂರಿನ ಎರಡೂವರೆ ಪಟ್ಟು. ಅಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ಬರವೇ ಎಂದು ನನ್ನ ಗಂಡ ಕೇಳಿದ್ದರು. ಬರವಿದೆ. ಇಳಿಜಾರಿನಲ್ಲಿ ಬಿದ್ದ ನೀರು ನಿಲ್ಲುವುದಿಲ್ಲ, ಹಳ್ಳ ಸೇರಿ ಹೋಗಿಬಿಡುತ್ತದೆ. ನಮ್ಮ ಮೇಲಿನ ಕೇರಿಯ ಬಾವಿಗಳಲ್ಲಿ ಆಗಲೇ ತಳದ ಕಲ್ಲು ಕಾಣುತ್ತಿತ್ತು. ನಾವು ಒಪ್ಪಿದ ಮನೆಯ ಬಾವಿ ತೋಟದ ಅಂಚಿನಲ್ಲಿ, ತಗ್ಗಿನಲ್ಲಿದೆ. ಹಗ್ಗ ಇಳಿಬಿಟ್ಟು ನೋಡಿದಾಗ ಒಂದಾಳು ನೀರಿತ್ತು. ಆಗಲೇ ಮುಂಗಡ ಕೊಟ್ಟದ್ದು.

ಹೊರಡುವ ತಯಾರಿಯನ್ನು ವಿವರವಾಗಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಬೆಂಗಳೂರಿನ ಮಾಲೀಕರು ಬಣ್ಣದ ಲೆಕ್ಕಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು. ಅಡುಗೆ ಅನಿಲದ ಸಿಲಿಂಡರ್ ಮತ್ತು ರೆಗ್ಯುಲೇಟರ್ ಹಿಂದಿರುಗಿಸಿ ವರ್ಗಾವಣೆಯ ವೋಚರ್ ಪಡೆದೆವು. ಇಲ್ಲಿಯ ಏಜೆನ್ಸಿಯಲ್ಲಿ ಅದನ್ನು ತೋರಿಸಿ ಹೊಸದು ತೆಗೆದುಕೊಂಡೆವು. ಇಲ್ಲಿ ಕರಾರುಪತ್ರ ಮಾಡಿಸಿದ ಮೇಲೆ ಆಧಾರ್ ವಿಳಾಸ ಬದಲಾಯಿತು. ಗಾಡಿಯ ನೋಂದಣಿ ರಾಜ್ಯದೊಳಗೇ ಇದ್ದುದರಿಂದ ಅದರ ವಿಳಾಸ ಬದಲಾವಣೆ ನಿಧಾನಕ್ಕೆ ಮಾಡಿದೆವು. ಎಲ್ಲಕ್ಕಿಂತ ಜೋಪಾನ ಮಾಡಿದ್ದು ಮಗನ ಲಸಿಕೆಗಳ ದಾಖಲೆಯಿರುವ ತಾಯಿ ಕಾರ್ಡನ್ನು. ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ಒಳಗೆ ಕೊಡಬೇಕಾದ ಲಸಿಕೆಗಳು ಅವನಿಗೆ ಬಾಕಿಯಿದ್ದವು. ಸಾಮಾನು ಬಿಚ್ಚುವ ಮೊದಲೇ ಆಶಾ ಕಾರ್ಯಕರ್ತೆ ಮನೆಗೆ ಬಂದು ಕಾರ್ಡು ನೋಡಿ, ಉಪಕೇಂದ್ರದಲ್ಲಿ ಲಸಿಕೆ ಹಾಕುವ ದಿನವನ್ನು ಹೇಳಿಹೋದರು. ಬೆಂಗಳೂರಿನಲ್ಲಿ ನಾವಿದ್ದ ಕಟ್ಟಡದಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ವಿಚಾರಿಸಿಕೊಂಡು ಯಾರೂ ಬಂದಿರಲಿಲ್ಲ.

ಶಾಲೆಯ ವಿಷಯದಲ್ಲಿ ನಾವು ಗಂಡ ಹೆಂಡತಿ ಬಹಳ ಮಾತಾಡಿಕೊಂಡಿದ್ದೆವು. ಮಗಳು ಅಲ್ಲಿವರೆಗೆ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಶಿರಸಿ ಪೇಟೆಗೆ ಹಳದಿ ಬಸ್ಸಿನಲ್ಲಿ ಕಳುಹಿಸುವ ಅನುಕೂಲವೂ ಇತ್ತು. ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ನಡೆದುಹೋಗುವ ದೂರದಲ್ಲಿತ್ತು. ಎಲ್ಲ ತರಗತಿ ಸೇರಿಸಿದರೂ ಮಕ್ಕಳು ಎರಡೂ ಕೈಗಳ ಬೆರಳುಗಳಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಶಿರಸಿ ಸ್ವತಃ ಒಂದು ಶೈಕ್ಷಣಿಕ ಜಿಲ್ಲೆಯ ಕೇಂದ್ರ. ಓದಿಗೆ ಹೆಸರಾದ ಸೀಮೆ. ಓದಿದವರೆಲ್ಲ ಹೊರಗೆ ಹೋಗಿ, ಹಳ್ಳಿಯ ಶಾಲೆಗಳಿಗೆ ಮಕ್ಕಳೇ ಇಲ್ಲದ ಹಾಗಾಗಿದೆ. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ನಲಿಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. 1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯವೆಲ್ಲ ಹರಡಿದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕೆಯ ಏಣಿ, ಚೀಲಗಳಲ್ಲಿ ಕಾರ್ಡುಗಳು. ಪ್ರತಿ ಮಗು ತನ್ನ ಮೆಟ್ಟಿಲಿಗೆ ತಕ್ಕ ಕಾರ್ಡು ತೆಗೆದುಕೊಂಡು ಕೂರುತ್ತದೆ. ಟೀಚರ್ ಮಗಳ ಕೈಗೆ ಒಂದು ಕಾರ್ಡು ಕೊಟ್ಟು ಓದಿಸಿದರು. ಒತ್ತಕ್ಷರ ಬಂದಲ್ಲಿ ಅವಳು ನಿಂತಳು. ‘ಪರವಾಗಿಲ್ಲ, ಇಲ್ಲಿಂದ ಶುರು ಮಾಡೋಣ’ ಎಂದು ಅವಳನ್ನು ಆ ಮೆಟ್ಟಿಲಿನಲ್ಲಿ ಕೂರಿಸಿದರು. ಎರಡನೇ ತರಗತಿಯವಳಿಗೆ ಒಂದನೇ ತರಗತಿಯ ಕಾರ್ಡು ಎಂಬ ನಾಚಿಕೆ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತಂದು, ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ) ಕೊಟ್ಟು, ದಾಖಲು ಮಾಡಿದೆವು. ದೀಪಾವಳಿಯ ಹೊತ್ತಿಗೆ ಅವಳು ಬಸ್ಸಿನ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

2025ರಲ್ಲಿ ಮುಂಗಾರು ಅವಸರ ಮಾಡಿತು. ಮೇ 24ಕ್ಕೇ ಕೇರಳ ಮುಟ್ಟಿ, ಬೆನ್ನಿಗೇ ನಮ್ಮಲ್ಲಿಗೂ ಬಂದುಬಿಟ್ಟಿತು. ಇಲ್ಲಿ ಮಳೆಗಾಲವೆಂದರೆ ಮೇ ತಿಂಗಳಿಡೀ ತಯಾರಿ. ಕಟ್ಟಿಗೆ ಒಡೆದು ಒಳಗೆ ಒಟ್ಟಬೇಕು, ಇರಚಲು ಹೊಡೆಯುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು, ಹಪ್ಪಳ ಸಂಡಿಗೆ ಒಣಗಿಸಬೇಕು, ಅಗಳದ ಹೂಳು ತೆಗೆಯಬೇಕು. ಆ ವರ್ಷ ಊರಿನವರದ್ದೇ ಅರ್ಧ ಕೆಲಸ ಬಾಕಿಯಿತ್ತು. ಪಕ್ಕದ ಮನೆಯ ಅಜ್ಜಿ ನಮ್ಮ ಅಂಗಳಕ್ಕೆ ಬಂದು, ‘ತಂಗೀ, ಬಚ್ಚಲ ಒಲೆಗೆ ಕಟ್ಟಿಗೆ ಎಷ್ಟಿದೆ?’ ಎಂದು ಕೇಳಿ, ನಾನು ತೋರಿಸಿದ ಸಣ್ಣ ರಾಶಿಯನ್ನು ನೋಡಿ ಏನೂ ಹೇಳದೆ ಹೋದರು. ಸಂಜೆ ಅವರ ಮಗ ತಲೆಹೊರೆಯಲ್ಲಿ ಒಣ ಕಟ್ಟಿಗೆ ತಂದು ಇಳಿಸಿದರು. ಆ ಮಳೆಗಾಲದಲ್ಲಿ ಹಂಡೆಯ ಒಲೆ ನಮ್ಮ ಮನೆಯ ನಡುಗಂಬವಾಗಿತ್ತು. ಸ್ನಾನದ ನೀರು ಅದರ ಮೇಲೆ, ಮಗನ ಬಟ್ಟೆಗಳು ಅದರ ಮೇಲಿನ ಬಿದಿರಿಗೆ, ಶಾಲೆಯ ಒದ್ದೆ ಚೀಲ ಅದರ ಪಕ್ಕದಲ್ಲಿ.

ಮಗನ ಉಬ್ಬಸದ ಬಗ್ಗೆ ಬೆಂಗಳೂರಿನ ಮಕ್ಕಳ ವೈದ್ಯರು ನಮಗೆ ಸ್ಪಷ್ಟವಾಗಿ ಹೇಳಿ ಕಳುಹಿಸಿದ್ದರು: ಹೊಗೆ ಧೂಳು ತಪ್ಪುತ್ತದೆ, ಆದರೆ ಥಂಡಿಯ ಮನೆಯಲ್ಲಿ ಬೂಷ್ಟು ಹಿಡಿಯುತ್ತದೆ, ಅದು ಉಬ್ಬಸವನ್ನು ಕೆರಳಿಸುತ್ತದೆ. ಮಂಚವನ್ನು ಗೋಡೆಯಿಂದ ಈಚೆ ಸರಿಸಿದೆವು. ಹತ್ತಿಯ ಹಾಸಿಗೆಗಳನ್ನು ತರಲೇ ಇಲ್ಲ. ಕಪಾಟಿನ ಬಾಗಿಲು ತೆರೆದಿಟ್ಟೆವು, ಗೋಡೆಯಲ್ಲಿ ಹಸಿರು ಕಂಡ ದಿನವೇ ಒರೆಸಿದೆವು, ಒಲೆಯ ಹೊಗೆ ಒಳಗೆ ಸುತ್ತದಂತೆ ಬಚ್ಚಲ ಬಾಗಿಲು ಹಾಕಿದೆವು. ಇನ್‌ಹೇಲರ್ ಮತ್ತು ಸ್ಪೇಸರ್ ಸದಾ ಕೈಗೆ ಸಿಗುವಲ್ಲಿ. ಆಗಸ್ಟ್‌ನಲ್ಲಿ ಅವನಿಗೆ ಎದೆ ಕಟ್ಟಿತು. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಕಾಡುತ್ತಿದ್ದಷ್ಟು ಕಾಡಲಿಲ್ಲ. ಹಳ್ಳಿಯ ಗಾಳಿಗೆ ಕಾಯಿಲೆಯೆಲ್ಲ ಓಡಿಹೋಗುತ್ತದೆ ಎಂದು ಹೇಳುವವರ ಮಾತು ಕೇಳಿ ಔಷಧಿ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಮಗನಿಗೆ ಉಬ್ಬಸದ ಔಷಧಿ ಕೊಡುವ ನೆಬ್ಯುಲೈಸರ್‌ಗೆ ವಿದ್ಯುತ್ ಬೇಕು, ಮನೆಯಿಂದಲೇ ನಡೆಯುವ ಗಂಡನ ಕೆಲಸಕ್ಕೂ ಬೇಕು. ಮರ ಮುರಿದು ತಂತಿಯ ಮೇಲೆ ಬಿದ್ದರೆ ಒಮ್ಮೊಮ್ಮೆ ಎರಡು ದಿನ ಕರೆಂಟು ಇಲ್ಲ. ದೊಡ್ಡ ಬ್ಯಾಟರಿಯ ಇನ್ವರ್ಟರ್‌ಗೆ ಹಣ ಹಾಕಿದೆವು. ಮಕ್ಕಳಿರುವ ಮನೆಗೆ ಅದು ಮೊದಲ ಖರ್ಚಾಗಬೇಕು. ಫೈಬರ್ ಇಂಟರ್ನೆಟ್ ಬಂದಿದೆ, ಚೆನ್ನಾಗಿಯೇ ಇದೆ. ಮರ ಬಿದ್ದಾಗ ಅದೂ ಹೋಗುತ್ತದೆ. ಆ ದಿನಗಳಲ್ಲಿ ಗಂಡ ಲ್ಯಾಪ್‌ಟಾಪ್ ಹಿಡಿದು ಶಿರಸಿ ಪೇಟೆಯಲ್ಲಿ ಗೆಳತಿಯ ಅಣ್ಣನ ಅಂಗಡಿಯ ಮಹಡಿಗೆ ಹೋಗುತ್ತಾರೆ. ಇನ್ನು ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಕಪ್ಪಾದ ಕೂಡಲೇ ಎಲ್ಲ ಮನೆಗಳಲ್ಲೂ ಪ್ಲಗ್ ಕೀಳುತ್ತಾರೆ. ದೂರದಲ್ಲಿ ಗುಡುಗಿದರೂ ಸಾಕು, ಮಗಳು ಓಡಿಹೋಗಿ ರೂಟರ್‌ನ ವಯರ್ ತೆಗೆಯುತ್ತಾಳೆ.

ನನ್ನ ದೊಡ್ಡ ಚಿಂತೆ ಆಸ್ಪತ್ರೆ. ಜ್ವರ, ಕೆಮ್ಮು, ಮುರಿದ ಮೂಳೆ, ಹೆರಿಗೆಗೆ ಶಿರಸಿಯಲ್ಲಿ ವೈದ್ಯರಿದ್ದಾರೆ. ಅದಕ್ಕಿಂತ ದೊಡ್ಡದಕ್ಕೆ ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಕುಮಟಾ ದಾರಿಯೇ ಮುಚ್ಚುತ್ತದೆ. 2022ರ ಜುಲೈನಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾದ ಮೇಲೆ, ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಒಕ್ಕೊರಲಿನಿಂದ ಕೇಳಿದರು. ಎಳೆಯ ಮಕ್ಕಳ ತಾಯಿಯಾಗಿ ಆ ಕೂಗು ನನ್ನದೂ ಹೌದು. ಮಂಗನ ಕಾಯಿಲೆಯ ಹೆದರಿಕೆಯೂ ಉಂಟು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, ಉಣುಗು ಎಂಬ ರಕ್ತ ಹೀರುವ ಪುಟ್ಟ ಹುಳು ಕಚ್ಚುವುದರಿಂದ ಬರುತ್ತದೆ. ಚಳಿಗಾಲದಿಂದ ಮಳೆ ಬೀಳುವ ತನಕ ಮಕ್ಕಳನ್ನು ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಒಳಗೆ ಬಿಡುವುದಿಲ್ಲ. ತರಗೆಲೆಯಲ್ಲಿ ಆಡಿ ಬಂದರೆ ಮೈ ಕಾಲು ನೋಡಿ, ಬಿಸಿನೀರಿನ ಸ್ನಾನ ಮಾಡಿಸುತ್ತೇನೆ.

ನವೆಂಬರ್ ಬಂದಾಗ ಊರಿನ ಮುಖವೇ ಬದಲಾಯಿತು. ಮಳೆಗಾಲವಿಡೀ ಎಲ್ಲರ ಬಾಯಲ್ಲೂ ಅಡಿಕೆಗೆ ಬರುವ ಕೊಳೆರೋಗದ ಮಾತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡಿಟ್ಟರೂ, ಹೊಡೆಯಲು ಮಳೆ ಹೊಳವು ಕೊಡಲಿಲ್ಲ. ಉಳಿದ ಫಸಲಿನ ಕೊಯ್ಲಿಗೆ, ಮರ ಹತ್ತಿ ಅಡಿಕೆಯ ಕೊನೆ (ಗೊಂಚಲು) ಇಳಿಸುವ ಕೊನೆಗೌಡರು ಬಂದರು. ಅವರನ್ನು ನನ್ನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಕಾಲಿಗೆ ಬಳೆಯಂತೆ ಹಗ್ಗ ಸಿಕ್ಕಿಸಿ, ತೆಳ್ಳನೆಯ ಮರವನ್ನು ಏರಿ, ಕೊನೆ ಕತ್ತರಿಸಿ ಹಗ್ಗದಲ್ಲಿ ಜಾರಿಬಿಡುತ್ತಾರೆ. ಕೆಳಗೆ ಒಬ್ಬರು ಹಗ್ಗದ ಇನ್ನೊಂದು ತುದಿ ಹಿಡಿದು, ಕೊನೆ ನೆಲಕ್ಕೆ ಅಪ್ಪಳಿಸದಂತೆ ತಡೆಯುತ್ತಾರೆ. ಆಮೇಲೆ ಮೇಲಿನವರು ಕೆಳಗಿಳಿಯದೆ, ಮರವನ್ನೇ ಬಾಗಿಸಿ ಪಕ್ಕದ ಮರ ಹಿಡಿದು ಅದಕ್ಕೆ ದಾಟಿದರು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ರಾತ್ರಿ ಯಜಮಾನರ ಮನೆಯ ಜಗುಲಿಯಲ್ಲಿ ಅಡಿಕೆ ಸುಲಿಯಲು ಹತ್ತಾರು ಜನ ಕೂತರು. ನನಗೂ ಒಂದು ಕತ್ತಿಯ ಮಣೆ ಕೊಟ್ಟರು. ಮೊದಲ ರಾತ್ರಿ ನಾನು ಸುಲಿದದ್ದು ಬಹಳ ಕಡಿಮೆ, ಕೇಳಿದ ಕಥೆಗಳು ಬಹಳ.

ಇಲ್ಲಿಗೆ ಬಂದ ಮೇಲೆ ನನಗೆ ತಿಳಿದ ಮುಖ್ಯ ಸಂಗತಿ ಇದು: ಈ ಊರು ನಮ್ಮ ಹಾಜರಿ ಕೇಳುತ್ತದೆ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಮನೆಗೇ ಬಂದು ಕರೆಯುತ್ತಾರೆ, ಕರೆದರೆ ಹೋಗಬೇಕು. ಸಾವಾದ ಮನೆಗೆ ಕರೆಯದೆಯೂ ಹೋಗಬೇಕು. ರಸ್ತೆಗೆ ಮರ ಬಿದ್ದರೆ ಕತ್ತಿ ಹಿಡಿದು ಹೊರಗೆ ಬರಬೇಕು. ನಗರದಲ್ಲಿ ದುಡ್ಡು ಕೊಟ್ಟು ಮುಗಿಸುತ್ತಿದ್ದ ಎಷ್ಟೋ ಕೆಲಸಗಳಿಗೆ ಇಲ್ಲಿ ಸಮಯ ಕೊಡಬೇಕು. ಬಾಡಿಗೆ 28 ಸಾವಿರದಿಂದ 6 ಸಾವಿರಕ್ಕೆ ಇಳಿದದ್ದು ನಿಜ. ಇನ್ವರ್ಟರ್, ಕಾರಿನ ಇಂಧನ, ಗಂಡ ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿಬರುವ ರಾತ್ರಿ ಬಸ್ಸಿನ ಖರ್ಚು ಸೇರಿದರೆ ಉಳಿತಾಯ ಜನ ಎಣಿಸುವಷ್ಟಿಲ್ಲ. ಶಿರಸಿಗೆ ರೈಲಿಲ್ಲ, ಸುಮಾರು 400 ಕಿಲೋಮೀಟರ್ ಬಸ್ಸಿನಲ್ಲೇ ಆಗಬೇಕು. ಏಕಾಂತ ಬೇಕೆಂದು ಹಳ್ಳಿಗೆ ಬರುವವರಿಗೆ ಬೆಂಗಳೂರಿನ ಅಪಾರ್ಟ್‌ಮೆಂಟೇ ಒಳ್ಳೆಯದು ಎಂದು ನಾನು ಮನಃಪೂರ್ವಕವಾಗಿ ನಂಬುತ್ತೇನೆ.

ಶಾಲೆಯಲ್ಲಿ ಪೋಷಕರೇ ಕಡಿಮೆ ಇರುವುದರಿಂದ ನಾನು ಬೇಗನೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾದೆ. ಮಕ್ಕಳ ಸಂಖ್ಯೆ ಇನ್ನಷ್ಟು ಇಳಿದರೆ ಶಾಲೆ ಉಳಿಯುವುದೇ ಕಷ್ಟ ಎಂಬ ಭಯ ಇಲ್ಲಿ ಎಲ್ಲರಿಗೂ ಇದೆ. ಹಾಗಾಗಿ ಒಂದು ಮಗು ಹೊಸದಾಗಿ ಸೇರಿತೆಂದರೆ ಊರಿಗೆ ಅದು ಸುದ್ದಿ. ಮಗ ಅಂಗನವಾಡಿಗೆ ಹೋಗುವ ವಯಸ್ಸಿಗೆ ಬರುತ್ತಿದ್ದಾನೆ. ಅವನ ಹೆಸರನ್ನು ಅಲ್ಲಿಯ ಕಾರ್ಯಕರ್ತೆ ಈಗಾಗಲೇ ಬರೆದುಕೊಂಡಿದ್ದಾರೆ. ಶಾಲೆಯ ಇಬ್ಬರು ಶಿಕ್ಷಕರಲ್ಲಿ ಒಬ್ಬರು ವರ್ಗವಾಗಿ ಹೋದರು. ಈಗ ಆ ಜಾಗದಲ್ಲಿರುವವರು ಅತಿಥಿ ಶಿಕ್ಷಕಿ, ಐದು ತರಗತಿಗಳ ಭಾರ ಇಬ್ಬರ ಮೇಲಿದ್ದರೂ ಕಾಯಂ ಹುದ್ದೆಯವರು ಒಬ್ಬರೇ. ಖಾಲಿ ಹುದ್ದೆ ತುಂಬಿಕೊಡಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಬರೆದಿದ್ದೇವೆ. ಕರಡು ತಿದ್ದುವ ಕೆಲಸದವಳು ಎಂದು ಬರೆಯುವ ಹೊಣೆ ನನಗೇ ಬಂತು. ಯಜಮಾನರು, ಪಕ್ಕದ ಮನೆಯ ಅಜ್ಜಿ, ಮಕ್ಕಳೆಲ್ಲ ಬೆಂಗಳೂರಿನಲ್ಲಿರುವ ಹಿರಿಯರೂ ಅದಕ್ಕೆ ಸಹಿ ಹಾಕಿದ್ದಾರೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಎಲ್ಲರೂ ಸೇರಿ ಶಿರಸಿಯ ಕಚೇರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಮಗಳ ಟೀಚರ್ ದಾಖಲಾತಿಯ ಪ್ರತಿಯನ್ನು ತಯಾರು ಮಾಡಿ ಕೊಟ್ಟಿದ್ದಾರೆ.